ನಡುನೀರಿಗೆ ಹೋದ ಓಟಿಪಿ

ನಮ್ಮ ಮನೆಯ ಯಾವ ಮಗುವೂ ಇನ್ನು ಮುಂದೆ ಕಾಲೇಜಿನ ಮೊದಲ ದಿನ ಕಂಗಾಲಾಗಬಾರದು!

ಹೀಗೆಂದು ನಾನು ಕಾರವಾರದ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಕೈಯಲ್ಲಿ ಸೌಟು ಹಿಡಿದು ಘೋಷಿಸಿದೆ. ಕೇಳಲು ಇದ್ದವರು ಇಬ್ಬರೇ. ಒಬ್ಬರು ನನ್ನ ಗಂಡ ದೇವಾನಂದ, ಇನ್ನೊಂದು ಕುಕ್ಕರು. ಕುಕ್ಕರು ಕೂಡಲೇ ಸೀಟಿ ಹೊಡೆದು ಅನುಮೋದಿಸಿತು. ದೇವಾನಂದ ಪೇಪರಿನಿಂದ ತಲೆ ಎತ್ತಲಿಲ್ಲ.

ಘೋಷಣೆಗೆ ಕಾರಣ ಪ್ರಗತಿ. ಹಾರವಾಡದಲ್ಲಿರುವ ನನ್ನ ಅಣ್ಣ ಮಾಬ್ಲೇಶ್ವರನ ಮಗಳು. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದು ಕಾರವಾರದ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿದ್ದಳು. ಸೇರಿದ್ದು ಜೂನ್ ತಿಂಗಳಲ್ಲಿ. ಇನ್ನು ಎರಡು ಕೆಲಸ ಬಾಕಿ. ಮೊದಲ ಸೆಮಿಸ್ಟರಿಗೆ ಯಾವ ಯಾವ ವಿಷಯದ ತರಗತಿ ಎಂದು ಕಾಲೇಜಿನ ವೆಬ್‌ಸೈಟಿನಲ್ಲಿ ನೋಂದಾಯಿಸಬೇಕು. ಹಾಗೆಯೇ ಓರಿಯೆಂಟೇಶನ್ನಿಗೆ, ಅಂದರೆ ಹೊಸ ಮಕ್ಕಳಿಗೂ ಅವರ ತಂದೆತಾಯಿಗೂ ಕಾಲೇಜನ್ನು ಪರಿಚಯಿಸುವ ಸಭೆಗೆ, ಕೊಟ್ಟಿರುವ ಮೂರು ದಿನಗಳಲ್ಲಿ ಒಂದನ್ನು ಆರಿಸಬೇಕು. ಪ್ರಗತಿಗೆ ಬೇಕಾಗಿದ್ದುದು ಪ್ರಾಣಿಶಾಸ್ತ್ರ. ಮೀನು ಕೊಯ್ಯುವಾಗ ಅದರ ಹೊಟ್ಟೆಯಲ್ಲಿ ಇರುವುದನ್ನೆಲ್ಲ ಬೇರೆ ಬೇರೆ ಇಟ್ಟು ನೋಡುವ ಹುಡುಗಿ ಅವಳು. ಅವಳಮ್ಮ ಮಾದೇವಿ ಅತ್ತಿಗೆ, "ಮೀನು ಕೊಯ್ಯೂಕೆ ಹೇಳಿದ್ರೆ ಪೋಸ್ಟ್‌ಮಾರ್ಟಂ ಮಾಡ್ತದೆ ಇದು" ಎಂದು ಬೈಯುತ್ತಿದ್ದಳು. ಆದರೆ ಪ್ರಾಣಿಶಾಸ್ತ್ರದ ಪ್ರಯೋಗಾಲಯ ಚಿಕ್ಕದು, ಸೀಟು ಕಡಿಮೆ. ಮೊದಲು ನೋಂದಾಯಿಸಿದವರಿಗೆ ಮೊದಲು. ಗಡುವಿನೊಳಗೆ ನೋಂದಾಯಿಸದವರನ್ನು ಎಲ್ಲಿ ಜಾಗ ಉಳಿದಿದೆಯೋ ಅಲ್ಲಿಗೆ ಹಾಕುತ್ತಾರೆ.

ಈ ಎಲ್ಲದರ ಪಟ್ಟಾಭಿಷೇಕ ನನಗೆ ಹೇಗಾಯಿತು ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲ ಜೀವ ನಾನು. ನನ್ನ ಹಿಂದಿನವರೆಲ್ಲ ಸಮುದ್ರವನ್ನು ಓದಿದವರು. ಅದಕ್ಕೆ ಯಾರೂ ಸರ್ಟಿಫಿಕೇಟ್ ಕೊಡಲಿಲ್ಲ. ಈಗ ನಾನು ಕಾರವಾರದ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಕೇರಿಗೆ ಯಾವ ಅರ್ಜಿ, ಯಾವ ನೋಟೀಸು ಬಂದರೂ "ವಿನುತಕ್ಕ ಬರ್ಲಿ, ನೋಡ್ವ" ಎಂದು ಕಾದಿರಿಸುತ್ತಾರೆ. ಇಷ್ಟು ಮರ್ಯಾದೆ ಸಿಕ್ಕಿದ ಮೇಲೆ ಮನುಷ್ಯರಿಗೆ ತಲೆ ನೆಟ್ಟಗೆ ನಿಲ್ಲುವುದು ಕಷ್ಟ.

ಇನ್ನೊಂದು ಕಾರಣವೂ ಇತ್ತು. ನಾನು ಕಾಲೇಜು ಸೇರಿದಾಗ ಹೀಗೆ ಹೋಗು, ಹಾಗೆ ಕೂರು ಎಂದು ಹೇಳುವವರು ಯಾರೂ ಇರಲಿಲ್ಲ. ಓರಿಯೆಂಟೇಶನ್ ಎಂಬ ಪದ ನನ್ನ ಕಿವಿಗೆ ಬಿದ್ದದ್ದೇ ಡಿಗ್ರಿ ಮುಗಿದ ಮೇಲೆ. ನನ್ನ ಕಾಲೇಜಿನ ಮೊದಲ ದಿನದ ಕತೆಯನ್ನು ನಾನು ಗಂಡನಿಗೂ ಹೇಳಿರಲಿಲ್ಲ. ಅದನ್ನು ಕೊನೆಗೆ ಅರಬ್ಬೀ ಸಮುದ್ರಕ್ಕೇ ಹೇಳಬೇಕಾಗಿ ಬಂದದ್ದು ಹೇಗೆಂದು ಈಗ ಕೇಳಿ.

ಜೂನ್ ತಿಂಗಳಲ್ಲಿ ಪ್ರವೇಶ ಪಡೆಯುವಾಗ ಒಂದು ಮೊಬೈಲ್ ನಂಬರ್ ಕೇಳಿದ್ದರು. ಮುಂದಿನ ಎಲ್ಲ ಕೆಲಸಕ್ಕೂ ಓಟಿಪಿ ಅದೇ ನಂಬರಿಗೆ ಬರುತ್ತದೆ. ಪ್ರಗತಿ ಮೆಲ್ಲಗೆ ಕೇಳಿದಳು:

"ಅತ್ತೆ, ನನ್ನ ನಂಬರ್ ಕೊಡ್ಲಾ? ಯಾಕಂದ್ರೆ ಅಪ್ಪ..."

"ಅಪ್ಪನದ್ದೇ ಕೊಡು," ಎಂದೆ ನಾನು. "ಹೆಣ್ಣುಮಕ್ಕಳ ನಂಬರ್ ಎಲ್ಲ ಕಡೆ ಕೊಡೂದಲ್ಲ. ನಿನ್ನ ಅಪ್ಪ ಎಂತ, ಇಡೀ ದಿನ ಫೋನು ಹಿಡ್ಕಂಡೇ ಮಲಗಿರ್ತಾನೆ."

ಅದು ನಿಜವೇ ಆಗಿತ್ತು. ಮಳೆಗಾಲದ ಎರಡು ತಿಂಗಳು ದೊಡ್ಡ ಬೋಟುಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಅಣ್ಣ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವ ಮುಖಂಡ. ಆ ಎರಡು ತಿಂಗಳು ಅವನು ಜಗಲಿಯ ಮೇಲೆ ಬಲೆ ಹೆಣೆಯುತ್ತ, ನಡುನಡುವೆ ಫೋನಿನಲ್ಲಿ ಯಾರೋ ಹಾವು ಹಿಡಿಯುವ ವಿಡಿಯೊ ನೋಡುತ್ತ ಕಾಲ ಕಳೆಯುತ್ತಾನೆ. ಇವನಿಗಿಂತ ಖಾತ್ರಿಯಾಗಿ ಕೈಗೆ ಸಿಗುವ ಮನುಷ್ಯ ಅಂಕೋಲಾ ತಾಲೂಕಿನಲ್ಲೇ ಇರಲಿಲ್ಲ. ಪ್ರಗತಿಯ ಮಾತು ಅರ್ಧಕ್ಕೇ ನಿಂತಿತು. ಆ ಅರ್ಧ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಜುಲೈಯಲ್ಲಿ ಇನ್ನೊಂದು ಘಟನೆ ನಡೆಯಿತು. ಓಟಿಪಿ ಕೇಳಿ ಮೋಸ ಮಾಡುವವರು ಹೆಚ್ಚಾಗಿದ್ದಾರೆಂದು ನಮ್ಮ ಬ್ಯಾಂಕಿನವರು ಊರೂರಿಗೆ ಹೋಗಿ ಜನರನ್ನು ಎಚ್ಚರಿಸಲು ಹೇಳಿದರು. ಹಾರವಾಡಕ್ಕೆ ಯಾರು? ಹಾರವಾಡದ ಹೆಮ್ಮೆಯ ಪುತ್ರಿ! ಮಳೆಗಾಲ, ಗಂಡಸರೆಲ್ಲ ಊರಲ್ಲೇ ಇದ್ದರು, ಸಭಾಭವನ ತುಂಬಿತು. ಅಣ್ಣ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದ. ನನಗೂ ಮೈಕಿಗೂ ಒಮ್ಮೆ ನಂಟಾಯಿತೆಂದರೆ ಬಿಡಿಸುವುದು ಕಷ್ಟ. ನಾನು ಗುಡುಗಿದೆ:

"ಓಟಿಪಿಯನ್ನು ಯಾರಿಗೂ ಹೇಳಬೇಡಿ! ಬ್ಯಾಂಕಿನವರು ಕೇಳಿದರೂ ಹೇಳಬೇಡಿ. ಈಗ ಕಂಪ್ಯೂಟರಿನಲ್ಲಿ ನಿಮ್ಮವರ ದನಿಯನ್ನೇ ತಯಾರು ಮಾಡುತ್ತಾರೆ. ನಿಮ್ಮ ಒಡಹುಟ್ಟಿದ ತಂಗಿಯ ದನಿಯಲ್ಲೇ, ಅಣ್ಣಾ, ಅವಸರ ಇದೆ, ನಂಬರ್ ಹೇಳು ಅನ್ನುತ್ತಾರೆ. ಅವಸರ ಮಾಡುವವರೇ ಕಳ್ಳರು. ತಂಗಿ ಕೇಳಿದರೂ ಹೇಳಬೇಡಿ!"

ಚಪ್ಪಾಳೆಯೋ ಚಪ್ಪಾಳೆ. ಅಣ್ಣ ಎಲ್ಲರಿಗಿಂತ ಜೋರಾಗಿ ತಟ್ಟಿದ. ನಾನು ಶಾಲೆಯಲ್ಲಿ ಬಹುಮಾನ ತಂದಾಗಲೂ ಅವನು ಹೀಗೆಯೇ ತಟ್ಟುತ್ತಿದ್ದ. ಮಾತು ಅವನ ತಲೆಗೆ ಎಷ್ಟು ಆಳವಾಗಿ ಇಳಿಯಿತು ಎಂಬುದು ನನಗೆ ಆಗ ತಿಳಿಯಲಿಲ್ಲ.

ಜುಲೈ ಕೊನೆಗೆ ನೋಂದಣಿ ಶುರುವಾಯಿತು. ಬೇರೆ ಮಕ್ಕಳು ಅದೇ ದಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಐದು ನಿಮಿಷದಲ್ಲಿ ಮುಗಿಸಿದರಂತೆ. ನಾನು ಹಾಗೆ ಮಾಡುವವಳೇ? ನಾನು ಅಧ್ಯಯನಕ್ಕೆ ಕುಳಿತೆ. ಪ್ರಾಣಿಶಾಸ್ತ್ರದ ಜೊತೆ ಬೇರೆ ಯಾವ ವಿಷಯ ಹೊಂದುತ್ತದೆ, ಯಾವ ತರಗತಿ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಹಾರವಾಡದ ಕಡೆಗೆ ಬಸ್ಸು ಯಾವಾಗ, ಓರಿಯೆಂಟೇಶನ್ನಿನ ಮೂರು ದಿನಗಳಲ್ಲಿ ಯಾವತ್ತು ಪ್ರಿನ್ಸಿಪಾಲರೇ ಮಾತಾಡುತ್ತಾರೆ, ಎಲ್ಲ ವಿಚಾರಿಸಿ ಬ್ಯಾಂಕಿನ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಬಣ್ಣದ ಪೆನ್ನಿನಲ್ಲಿ ಕೋಷ್ಟಕ ಬರೆದೆ. ಓರಿಯೆಂಟೇಶನ್ನಿಗೆ ಮೊದಲ ದಿನವೇ ಸೂಕ್ತ, ಅಣ್ಣ ಅತ್ತಿಗೆ ಇಬ್ಬರನ್ನೂ ಮುಂದಿನ ಸಾಲಿನಲ್ಲಿ ಕೂರಿಸಬೇಕು ಎಂದು ಕೆಂಪು ಬಣ್ಣದಲ್ಲಿ ಬರೆದು ಅಡಿಗೆರೆ ಎಳೆದೆ.

ದೇವಾನಂದ ಕೋಷ್ಟಕವನ್ನು ಉದ್ದಕ್ಕೂ ಅಡ್ಡಕ್ಕೂ ನೋಡಿದರು.

"ನಮ್ಮ ಮದುವೆಗೂ ಇಷ್ಟು ತಯಾರಿ ಇರ್ಲಿಲ್ಲ ಮಾರಾಯ್ತಿ."

"ಅದು ಗೊತ್ತಾಗ್ತದೆ," ಎಂದೆ.

"ಸೀಟು ಮುಗದು ಹೋದ್ರೆ?"

"ಅಧ್ಯಯನ ಮುಗೀಲಿ. ಕೊನೇ ದಿನ ರಜೆ ಹಾಕಿ, ನೆಮ್ಮದಿಯಿಂದ ಕೂತು ಮಾಡೂದು. ಅವಸರದಲ್ಲಿ ಮಾಡಿದ್ದು ಯಾವುದೂ ಸರಿಯಾಗೂದಿಲ್ಲ."

ಹೀಗೆ ಆಗಸ್ಟ್ ಮೊದಲ ವಾರದ ಆ ಕೊನೆಯ ದಿನ ಬಂತು. ಸಂಜೆ ಐದಕ್ಕೆ ಗಡುವು. ಪ್ರಗತಿ ಬೆಳಗಿನ ಬಸ್ಸಿಗೆ ಹಾರವಾಡದಿಂದ ಬಂದಳು. ನಿಧಾನವಾಗಿ ಊಟ ಮುಗಿಸಿ, ದೇವರಿಗೆ ಊದುಬತ್ತಿ ಹಚ್ಚಿ, ಲ್ಯಾಪ್‌ಟಾಪ್ ತೆರೆದೆ. ಪ್ರಾಣಿಶಾಸ್ತ್ರದಲ್ಲಿ ಉಳಿದ ಸೀಟು ಒಂಬತ್ತು ಎಂದು ಕಂಡಿತು. ನೋಡಿದಿರಾ? ನನ್ನ ಲೆಕ್ಕ ಎಂದರೆ ಲೆಕ್ಕ! ಗತ್ತಿನಿಂದ ಬಟನ್ ಒತ್ತಿದೆ. ಓಟಿಪಿ ಕಳಿಸಲಾಗಿದೆ ಎಂದು ಪರದೆ ಹೇಳಿತು.

"ಅಪ್ಪನಿಗೆ ಫೋನ್ ಮಾಡು, ನಂಬರ್ ಕೇಳು," ಎಂದೆ.

ಪ್ರಗತಿ ಅಲ್ಲಾಡಲಿಲ್ಲ. ಅವಳ ಮುಖದಲ್ಲಿ ಒಂದು ಬಗೆಯ ಕನಿಕರ ಇತ್ತು.

"ಅತ್ತೆ, ಅಪ್ಪ ಬೋಟಿಗೆ ಹೋಗಿದ್ದ ಅಲ್ಲಾ. ಒಂದನೇ ತಾರೀಕಿಗೇ ಹೋದ. ನಿಮಗೆ ಗೊತ್ತದೆ ಅಂದ್ಕಂಡೆ."

ನಾನು ಕ್ಯಾಲೆಂಡರ್ ನೋಡಿದೆ. ನಮ್ಮ ಬ್ಯಾಂಕಿನ ಕ್ಯಾಲೆಂಡರಿನಲ್ಲಿ ರಜಾದಿನಗಳೆಲ್ಲ ಕೆಂಪಾಗಿ ಅಚ್ಚಾಗಿವೆ. ಬೋಟು ಮತ್ತೆ ಕಡಲಿಗೆ ಇಳಿಯುವ ದಿನ ಯಾವ ಬಣ್ಣದಲ್ಲೂ ಇಲ್ಲ. ಚಿಕ್ಕವಳಿದ್ದಾಗ ಆ ದಿನವನ್ನು ಯಾರೂ ನೋಡಿ ತಿಳಿಯಬೇಕಾಗಿರಲಿಲ್ಲ. ಹಿಂದಿನ ರಾತ್ರಿಯೇ ಮನೆಯೆಲ್ಲ ಹೊಸ ಹಗ್ಗದ ವಾಸನೆ, ಬೆಳಿಗ್ಗೆ ಅವ್ವಿ ತೆಂಗಿನಕಾಯಿ ಹಿಡಿದು ದಂಡೆಗೆ ಹೊರಡುವ ಗಡಿಬಿಡಿ. ಇಪ್ಪತ್ತು ವರ್ಷ ಆ ವಾಸನೆಯಲ್ಲಿ ಎದ್ದವಳು ನಾನು. ಮೀನುಗಾರರ ಮನೆಯ ಮಗಳು ಬಸ್ಸಿನ ವೇಳೆ, ಪ್ರಿನ್ಸಿಪಾಲರ ವೇಳೆ, ಎಲ್ಲ ಬರೆದಿಟ್ಟು, ಸಮುದ್ರದ ವೇಳೆಯನ್ನೇ ಮರೆತಿದ್ದಳು!

"ಜೂನಿನಲ್ಲಿ ನಂಬರ್ ಕೊಡುವಾಗ ನೀನು ಏನೋ ಹೇಳಲಿಕ್ಕೆ ಹೊರಟಿದ್ದೆಯಲ್ಲ?" ಎಂದೆ.

"ಇದನ್ನೇ," ಎಂದಳು ಪ್ರಗತಿ.

ಅಣ್ಣನಿಗೆ ಫೋನ್ ಮಾಡಿದೆವು. ಮೊದಲು ಸಿಗಲಿಲ್ಲ, ಆಮೇಲೆ ಸಿಕ್ಕಿತು, ಆದರೆ ಬರೀ ಗಾಳಿಯ ಸದ್ದು, ಮಧ್ಯದಲ್ಲಿ "ಹಲೋ" ಎಂಬ ಒಂದು ಚೂರು. ಅತ್ತಿಗೆಗೆ ಫೋನ್ ಮಾಡಿದರೆ ಅವಳು ಮೀನುಪೇಟೆಯ ಗದ್ದಲದಲ್ಲಿದ್ದಳು. ಬೋಟು ಕೂರ್ಮಗಡ ದ್ವೀಪದ ಆಚೆಗೆ ಎಲ್ಲೋ ಅದೆ, ಅಲ್ಲಿ ಮೆಸೇಜು ಬಂದು ಬೀಳ್ತದೆ, ಮಾತು ಕೇಳೂದಿಲ್ಲ, ಮಾತಾಡಬೇಕಾದರೆ ಬೈತಖೋಲಕ್ಕೆ ಹೋಗಿ ತುಳಸಿದಾಸ ಬಪ್ಪನ ಬೋಟಿನ ವಾಯರ್‌ಲೆಸ್ಸಿನಲ್ಲಿ ಮಾತಾಡಬೇಕು, ಅವನ ಬೋಟು ಇಂಜಿನ್ ಕೆಟ್ಟು ಅಲ್ಲೇ ನಿಂತದೆ ಎಂದು ಒಂದೇ ಉಸಿರಿನಲ್ಲಿ ಹೇಳಿ, ಗಿರಾಕಿಗೆ ಬಂಗುಡೆಯ ದರ ಹೇಳಲು ಹೋದಳು. ನಂಬರ್ ಬದಲಾಯಿಸಲು ಕಾಲೇಜಿಗೆ ಫೋನ್ ಮಾಡಿದೆ. ಅರ್ಜಿ ಕೊಟ್ಟರೆ ಎರಡು ದಿನದಲ್ಲಿ ಆಗುತ್ತದೆ ಎಂದರು. ಗಡುವಿಗೆ ಇನ್ನು ಎರಡು ತಾಸೂ ಇರಲಿಲ್ಲ.

ಸ್ಕೂಟರ್ ಹತ್ತಿದೆವು. ಹಿಂದೆ ಪ್ರಗತಿ, ಅವಳ ಮಡಿಲಲ್ಲಿ ಲ್ಯಾಪ್‌ಟಾಪ್, ಅದರ ಮೇಲೆ ನಾನು ಹೊದಿಸಿದ ರೇನ್‌ಕೋಟು. ನಮ್ಮಿಬ್ಬರಿಗೂ ರೇನ್‌ಕೋಟು ಇರಲಿಲ್ಲ. ಬೈತಖೋಲದ ಬಂದರಿಗೆ ಬರುವಷ್ಟರಲ್ಲಿ ಕಂಪ್ಯೂಟರು ಒದ್ದೆಯಾಗದೆ ಉಳಿದಿತ್ತು, ನಾವು ತೊಯ್ದಿದ್ದೆವು.

ತುಳಸಿದಾಸ ಬಪ್ಪ ನಮ್ಮ ಅಪ್ಪನ ಕಡೆಯ ಸಂಬಂಧಿ. ಬೋಟಿನ ಕ್ಯಾಬಿನ್ನಿನಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದವನು ನಮ್ಮನ್ನು ಕೈಹಿಡಿದು ಹತ್ತಿಸಿಕೊಂಡ. ವಿಷಯ ಕೇಳಿದ. "ಕಾಲೇಜಿಗೆ ವಾಯರ್‌ಲೆಸ್ಸಿನಲ್ಲಿ ಸೇರೂದು ಇದೇ ಮೊದ್ಲು," ಎಂದು ಸ್ವಿಚ್ಚು ತಿರುಗಿಸಿ, ಅಣ್ಣನ ಬೋಟನ್ನು ಕೂಗಿದ. ಕರಕರ ಸದ್ದಿನ ನಡುವಿನಿಂದ ಅಣ್ಣನ ದನಿ ತೇಲಿ ಬಂತು. ನನಗೆ ಜೀವ ಬಂದಂತಾಯಿತು. ಪ್ರಗತಿ ತನ್ನ ಫೋನಿನ ಇಂಟರ್ನೆಟ್ಟನ್ನು ಲ್ಯಾಪ್‌ಟಾಪಿಗೆ ಜೋಡಿಸಿದಳು. ಉಳಿದ ಸೀಟು ಆರು. ಬಟನ್ ಒತ್ತಿ ಹೊಸ ಓಟಿಪಿ ಕಳಿಸಿದೆ.

"ಅಣ್ಣಾ, ನಾನು ವಿನುತಾ. ನಿನ್ನ ಫೋನಿಗೆ ಈಗ ಒಂದು ನಂಬರ್ ಬಂದದೆ. ಬೇಗ ಹೇಳು, ಅವಸರ ಅದೆ."

ಆ ಕಡೆಯಿಂದ ಬರೀ ಇಂಜಿನ್ನಿನ ಗುಡುಗುಡು.

"ಅಣ್ಣಾ, ಕೇಳ್ತದಾ? ಓಟಿಪಿ ಹೇಳು."

"ಹೇಳೂದಿಲ್ಲ," ಎಂದ ಅಣ್ಣ.

ನನಗೆ ಕೇಳಿದ್ದು ತಪ್ಪಿರಬೇಕು ಎಂದುಕೊಂಡೆ. ಮತ್ತೆ ಕೇಳಿದೆ.

"ಯಾರು ಕೇಳಿದ್ರೂ ಹೇಳೂದಿಲ್ಲ. ನನ್ನ ತಂಗಿ ಬ್ಯಾಂಕಿನಲ್ಲಿದ್ದಾಳೆ. ಅವಳೇ ಮೈಕಿನಲ್ಲಿ ಹೇಳಿದ್ದಾಳೆ."

"ನಾನೇ ನಿನ್ನ ತಂಗಿ!"

"ಎಲ್ಲಾ ಕಳ್ಳರೂ ಹಾಂಗೇ ಹೇಳ್ತಾರಂತೆ. ದನಿ ಕಂಪ್ಯೂಟರಿನಲ್ಲಿ ಮಾಡೂಕೆ ಬರ್ತದಂತೆ. ಮತ್ತೆ ನೀ ಅವಸರ ಬೇರೆ ಮಾಡ್ತೆ."

ವಾಯರ್‌ಲೆಸ್ಸಿನಲ್ಲಿ ಒಂದು ಸಂಗತಿ ಇದೆ. ಒಬ್ಬರು ಆಡಿದ್ದು ಆ ಹೊತ್ತಿಗೆ ಕಿವಿಗೊಟ್ಟ ಎಲ್ಲ ಬೋಟಿನವರಿಗೂ ಕೇಳುತ್ತದೆ. ಯಾವುದೋ ಬೋಟಿನಿಂದ ಒಬ್ಬ, ಕೊಡಬೇಡಿ ತಾಂಡೇಲ್ರೇ, ಮೊನ್ನೆ ನಮ್ಮ ಭಾವನ ಖಾತೆ ಹೀಂಗೇ ಖಾಲಿ ಆಯ್ತು ಎಂದ. ಇನ್ನೊಂದು ಬೋಟಿನವನು, ದನಿ ಮಾತ್ರ ಥೇಟ್ ವಿನುತಕ್ಕನದ್ದೇ, ಕಳ್ಳರು ಬಾಳ ಮುಂದುವರಿದ್ರು ಎಂದು ಮೆಚ್ಚಿಕೊಂಡ. ನಾನು ಹಾರವಾಡದಲ್ಲಿ ಬಿತ್ತಿದ ಜಾಗೃತಿ ನಡುಸಮುದ್ರದಲ್ಲಿ ಹೀಗೆ ಸೊಂಪಾಗಿ ಬೆಳೆದು ನಿಂತಿತ್ತು! ಬ್ಯಾಂಕಿನವರು ನೋಡಿದ್ದರೆ ಬಡ್ತಿಯನ್ನೇ ಕೊಡುತ್ತಿದ್ದರು.

ಪ್ರಗತಿ ಮೈಕು ತೆಗೆದುಕೊಂಡು ಅಪ್ಪನನ್ನು ಕರೆದಳು. ಅವಳ ದನಿಯನ್ನೂ ಅಣ್ಣ ನಂಬಲಿಲ್ಲ. ಒಂದು ದನಿ ಮಾಡುವವರಿಗೆ ಎರಡು ದನಿ ಮಾಡುವುದು ಕಷ್ಟವೇ ಎಂದು ಕೇಳಿದ. ತುಳಸಿದಾಸ ಬಪ್ಪ ಸಾಕ್ಷಿ ಹೇಳಲು ಹೋದರೆ, ಬಪ್ಪಾ, ನಿನ್ನನ್ನೂ ಮೋಸ ಮಾಡಿದ್ರು ಎಂದು ಮರುಗಿದ. ಅಷ್ಟರಲ್ಲಿ ಓಟಿಪಿಯ ಹತ್ತು ನಿಮಿಷದ ಆಯುಷ್ಯ ಮುಗಿಯಿತು. ಉಳಿದ ಸೀಟು ಮೂರು.

ಪ್ರಗತಿ ಪರದೆಯ ಮೇಲಿನ ಆ ಮೂರನ್ನೇ ನೋಡುತ್ತ ಕೂತಳು. ಮಳೆಯ ನೀರು ಅವಳ ಜಡೆಯಿಂದ ತೊಟ್ಟಿಕ್ಕುತ್ತಿತ್ತು. ನನ್ನ ಕೋಷ್ಟಕ, ನನ್ನ ಬಣ್ಣದ ಪೆನ್ನು, ನನ್ನ ಡಿಗ್ರಿ, ಯಾವುದೂ ಆ ಹೊತ್ತಿಗೆ ಕೆಲಸಕ್ಕೆ ಬರಲಿಲ್ಲ. ಆ ಹುಡುಗಿ ತನ್ನ ಪಾಡಿಗೆ ತಾನು ಜುಲೈಯಲ್ಲೇ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮುಗಿಸಬಹುದಾದ ಕೆಲಸವನ್ನು ನಾನು ಕೈಗೆ ತೆಗೆದುಕೊಂಡು ನಡುನೀರಿನಲ್ಲಿ ಬಿಟ್ಟಿದ್ದೆ.

"ಅಣ್ಣಾ," ಎಂದೆ, ಈ ಸಲ ಅವಸರವಿಲ್ಲದೆ. "ನಾನು ವಿನುತಾ ಅಂತ ನಿಂಗೆ ಹೆಂಗೆ ನಂಬಿಕೆ ಬರ್ತದೆ? ನೀನೇ ಹೇಳು."

ಅಣ್ಣ ಯೋಚಿಸಿದ. ಆಮೇಲೆ ಕೇಳಿದ:

"ನೀ ನನ್ನ ತಂಗಿಯೇ ಹೌದಾದ್ರೆ ಹೇಳು. ಕಾಲೇಜಿನ ಮೊದಲ್ನೇ ದಿನ ನೀ ಎಲ್ಲಿ ಕೂತಿದ್ದೆ? ಇದು ನಮ್ಮಿಬ್ಬರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ."

ತುಳಸಿದಾಸ ಬಪ್ಪ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದ. ನಾನು ಮೈಕನ್ನು ಬಾಯಿಯ ಹತ್ತಿರ ತಂದೆ, ದೂರ ಒಯ್ದೆ, ಮತ್ತೆ ತಂದೆ.

"ಬಸ್‌ಸ್ಟ್ಯಾಂಡಿನಲ್ಲಿ," ಎಂದೆ. "ಅಂಕೋಲಾ ಬಸ್‌ಸ್ಟ್ಯಾಂಡಿನಲ್ಲಿ."

"ಎಷ್ಟು ಹೊತ್ತು?"

"ಸಂಜೆ ತನಕ."

"ಎಂತಕ್ಕೆ?"

"ಗೇಟಿನ ತನಕ ಹೋದೆ ಅಣ್ಣಾ. ಒಳಗೆ ಹೋಗೂಕೆ ಧೈರ್ಯ ಬರ್ಲಿಲ್ಲ. ಎಲ್ಲರೂ ಯಾವ ಕೋಣೆಗೆ ಹೋಗಬೇಕು ಅಂತ ಗೊತ್ತಿದ್ದವರ ಹಾಂಗೆ ಹೋಗ್ತಿದ್ರು. ನಂಗೆ ಗೊತ್ತಿರ್ಲಿಲ್ಲ. ಕೇಳೂಕೂ ಗೊತ್ತಿರ್ಲಿಲ್ಲ. ತಿರುಗಿ ಬಂದು ಬಸ್‌ಸ್ಟ್ಯಾಂಡಿನಲ್ಲಿ ಕೂತೆ. ನೀ ಮೀನು ಮಾರಿ ಬರುವಾಗ ನನ್ನ ನೋಡ್ದೆ."

"ಆಮೇಲೆ?"

"ನೀ ಬಯ್ಯಲಿಲ್ಲ. ಸೋಡಾ ಕುಡಿಸ್ದೆ. ಮಾರನೇ ದಿನ ಬೋಟಿಗೆ ಹೋಗ್ದೇ ನನ್ನ ಸಂಗಡ ಬಂದೆ. ನಾನು ಒಳಗೆ ಹೋದ ಮೇಲೂ ನೀ ಗೇಟಿನ ಹೊರಗೆ ನಿಂತಿದ್ದೆ. ಮಧ್ಯಾಹ್ನ ಕಿಟಕಿಯಿಂದ ನೋಡಿದ್ರೂ ಅಲ್ಲೇ ಇದ್ದೆ."

ಮೈಕನ್ನು ಹಿಡಿದ ನನ್ನ ಕೈಯ ಪಕ್ಕದಲ್ಲಿ ಪ್ರಗತಿಯ ಕೈ ಬಂದು ಕೂತಿತು. ಆಮೇಲೆ ದೂರದ ಯಾವುದೋ ಬೋಟಿನಿಂದ ಒಂದು ಗಡಸು ದನಿ ಬಂತು:

"ತಾಂಡೇಲ್ರೇ, ತಂಗಿನೇ ಹೌದು. ಕೊಟ್ಟುಬಿಡಿ."

ಮತ್ತೆ ಬಟನ್ ಒತ್ತಿದೆ. ಹೊಸ ಓಟಿಪಿ ಹೋಯಿತು. ಉಳಿದ ಸೀಟು ಎರಡು. ಅಣ್ಣ, ನಂಬರ್ ಬಂತು, ಆದ್ರೆ ಮೊದಲಿನದ್ದಲ್ಲ, ಬೇರೆಯೇ ಅದೆ ಎಂದು ಅನುಮಾನದಿಂದ ಹೇಳಿದ. ಅದು ಹಾಗೇ ಎಂದೆ. ಆದರೂ ಅವನಿಗೆ ಸಮಾಧಾನ ಇಲ್ಲ. ನೀನು ತಂಗಿ ಹೌದು, ಆದರೆ ಕೇಳುತ್ತಿರುವ ಇಷ್ಟು ಬೋಟಿನವರು ನನ್ನ ತಂಗಿಯರಲ್ಲ, ಅವರೆದುರು ನಂಬರ್ ಹೆಂಗೆ ಹೇಳೂದು ಎಂಬುದು ಅವನ ಪ್ರಶ್ನೆ. ನನ್ನ ಭಾಷಣವನ್ನು ಇಷ್ಟು ಶ್ರದ್ಧೆಯಿಂದ ಕೇಳಿದ ಇನ್ನೊಬ್ಬ ಮನುಷ್ಯ ಈ ಕರಾವಳಿಯಲ್ಲಿಲ್ಲ. ಕೊನೆಗೆ ಅವನೇ ಉಪಾಯ ಹುಡುಕಿದ. ಅಂಕಿ ತಾನು ಹೇಳುವುದಿಲ್ಲ. ಮನೆಯವರಿಗೆ ಗೊತ್ತಿರುವ ಪ್ರಶ್ನೆ ಕೇಳುತ್ತಾನೆ, ಉತ್ತರ ನಾನು ಒತ್ತಬೇಕು.

"ಮೊದಲ್ನೇದು. ಅವ್ವಿಗೆ ನಾವು ಮಕ್ಕಳು ಎಷ್ಟು?"

ಮೂರು. ಒತ್ತಿದೆ.

"ಎರಡ್ನೇದು. ಹಿತ್ತಲಲ್ಲಿ ತೆಂಗಿನ ಮರ ಎಷ್ಟು?"

ಇದೂ ಒಂದು ಪ್ರಶ್ನೆಯೇ! ಅವುಗಳ ನೆರಳಲ್ಲೇ ಮಗ್ಗಿ ಕಲಿತವಳು ನಾನು. ಏಳು. ಬೆರಳು ಏಳರ ಮೇಲೆ ಇಳಿಯುತ್ತಿತ್ತು, ಪ್ರಗತಿ ಗಬಕ್ಕನೆ ಕೈ ಹಿಡಿದಳು.

"ಅತ್ತೆ, ಆರು. ಬಾವಿ ಹತ್ತಿರದ್ದು ಹೋದ ವರ್ಷ ಗಾಳಿಗೆ ಬಿತ್ತಲ್ಲ."

ಬಿದ್ದದ್ದು ನನಗೆ ಗೊತ್ತಿರಲಿಲ್ಲ. ಹೋದ ವರ್ಷದಿಂದ ಎಷ್ಟೋ ಸಲ ಊರಿಗೆ ಹೋಗಿದ್ದೆ, ಊಟ ಮಾಡಿದ್ದೆ, ಅರ್ಜಿಗಳನ್ನು ತುಂಬಿಕೊಟ್ಟಿದ್ದೆ, ಸಲಹೆಗಳನ್ನು ಧಾರಾಳವಾಗಿ ಹಂಚಿದ್ದೆ. ಹಿತ್ತಲಿಗೆ ಹೋಗಿರಲಿಲ್ಲ. ಆರು ಒತ್ತಿದೆ.

"ಮೂರ್ನೇದು. ನಿನ್ನ ಮುಂಚೆ ನಮ್ಮನೇಲಿ ಡಿಗ್ರಿ ಮಾಡ್ದವ್ರು ಎಷ್ಟು ಮಂದಿ?"

ಸೊನ್ನೆ. ಪರದೆ ಸ್ವಲ್ಪ ಮಂಜಾಗಿ ಕಂಡಿತು. ಮಳೆಯ ಹನಿ ಇರಬೇಕು.

"ಕೊನೇದು. ಸಭಾಭವನದಲ್ಲಿ ನಿನ್ನ ಭಾಷಣ ಎಷ್ಟು ತಾಸು ನಡೀತು?"

ನಾನು ಒಂದು ಎಂದುಕೊಂಡೆ. ನಿಜ ಹೇಳಬೇಕೆಂದರೆ ಮುಕ್ಕಾಲು ತಾಸು ಎಂದೇ ನನ್ನ ನಂಬಿಕೆ. ಒಂದರ ಕಡೆಗೆ ಬೆರಳು ಒಯ್ಯುವಷ್ಟರಲ್ಲಿ ವಾಯರ್‌ಲೆಸ್ಸಿನಲ್ಲಿ ಒಂದರ ಹಿಂದೆ ಒಂದು ಬೋಟಿನಿಂದ ದನಿಗಳು ಬಂದವು. ಎರಡು. ಎರಡು. ಎರಡರ ಮೇಲೇ ಆಗಿತ್ತು, ನಾನು ನಡುವೆ ಹೋಗಿ ಚಾ ಕುಡ್ದು ಬಂದೆ. ತುಳಸಿದಾಸ ಬಪ್ಪನೂ ಮೆಲ್ಲಗೆ ಎರಡು ಬೆರಳು ತೋರಿಸಿದ.

ಎರಡು ಒತ್ತಿದೆ. ಪುಟ ತೆರೆಯಿತು! ಪ್ರಗತಿ ತಾನೇ ಲ್ಯಾಪ್‌ಟಾಪನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ನಾನು ಕೋಷ್ಟಕ ತೆಗೆಯಲಿಲ್ಲ. ಅವಳು ಪ್ರಾಣಿಶಾಸ್ತ್ರ ಒತ್ತಿ, ಜೊತೆಯ ವಿಷಯಗಳನ್ನು ಒತ್ತಿ, ಭಾಷೆಗಳನ್ನು ಒತ್ತಿ, ನಾನು ಹತ್ತು ದಿನ ಅಧ್ಯಯನ ಮಾಡಿದ್ದನ್ನು ಒಂದು ನಿಮಿಷದಲ್ಲಿ ಮುಗಿಸಿದಳು. ಸೀಟು ಖಾತ್ರಿಯಾಗಿದೆ ಎಂದು ಹಸಿರು ಅಕ್ಷರ ಬಂತು. ಸಮುದ್ರದ ತುಂಬ ಅಭಿನಂದನೆ. ಯಾರೋ, ಮಗಳು ಎಂತ ಓದ್ತಾಳೆ ತಾಂಡೇಲ್ರೇ ಎಂದು ಕೇಳಿದರು. ಅಣ್ಣ, ನಾವು ಹಿಡಿಯೂದನ್ನ ಅವಳು ಓದ್ತಾಳೆ ಎಂದ.

ಓರಿಯೆಂಟೇಶನ್ನಿನ ದಿನ ಒಂದು ಉಳಿದಿತ್ತು. ಪ್ರಗತಿ ನನ್ನ ಮುಖ ನೋಡಿದಳು. ಮೊದಲ ದಿನ, ಪ್ರಿನ್ಸಿಪಾಲರು, ಕೆಂಪು ಬಣ್ಣ, ಅಡಿಗೆರೆ. ನಾನು ಮೈಕು ಎತ್ತಿಕೊಂಡು ಅಣ್ಣನನ್ನೇ ಕೇಳಿದೆ, ಮೂರು ದಿನಗಳಲ್ಲಿ ನಿನಗೆ ಯಾವುದು ಆದೀತು ಎಂದು. ಅವನು ಬೋಟಿನಲ್ಲಿರುವ ಮಂಜುಗಡ್ಡೆಯ ಲೆಕ್ಕ ಹಾಕಿದ. ಮಂಜುಗಡ್ಡೆ ಮುಗಿದ ಕೂಡಲೇ ಮೀನು ಕೆಡುವ ಮುಂಚೆ ದಂಡೆಗೆ ಬರಲೇಬೇಕು, ಹಾಗಾಗಿ ಮೂರನೆಯ ದಿನ ಇಡು ಎಂದ. ಕಾಲೇಜಿನ ಸಭೆಯ ದಿನವನ್ನು ಹೀಗೆ ಮಂಜುಗಡ್ಡೆ ನಿರ್ಧರಿಸಿತು.

ಮನೆಗೆ ಬಂದು ಬಾಗಿಲು ತಟ್ಟಿದರೆ ದೇವಾನಂದ ಒಂದು ಕೈಯಲ್ಲಿ ಟವೆಲ್ಲು, ಇನ್ನೊಂದರಲ್ಲಿ ಸೋಡಾ ಬಾಟಲಿ ಹಿಡಿದು ನಿಂತಿದ್ದರು. ಬೈತಖೋಲದ ಸುದ್ದಿ ನನ್ನ ಸ್ಕೂಟರಿಗಿಂತ ಬೇಗ ಬಂದಿತ್ತು.

"ಅಂಕೋಲಾ ಬಸ್‌ಸ್ಟ್ಯಾಂಡಿನ ಕತೆ ನಂಗೆ ಯಾಕೆ ಹೇಳ್ಲಿಲ್ಲ?" ಎಂದರು.

"ನೀವು ಓಟಿಪಿ ಇಟ್ಕಂಡು ಕೇಳ್ಲಿಲ್ಲ," ಎಂದೆ. ಅವರು ನಗಲಿಲ್ಲ. ಸೋಡಾ ಒಡೆದು ಕೈಗೆ ಕೊಟ್ಟರು.

ಓರಿಯೆಂಟೇಶನ್ನಿನ ದಿನ ಅಣ್ಣ ಬಂದ. ಬೆಳಿಗ್ಗೆಯಷ್ಟೇ ಬೋಟು ದಂಡೆಗೆ ಬಂದಿತ್ತು. ಮಿಂದು, ಬಿಳಿ ಅಂಗಿ ತೊಟ್ಟು, ಯಾರದೋ ಮದುವೆಗೆ ಹೊಲಿಸಿದ ಪ್ಯಾಂಟು ಹಾಕಿದ್ದ. ಮಾದೇವಿ ಅತ್ತಿಗೆ, ಪ್ರಗತಿ, ನಾನು ಗೇಟು ದಾಟಿ ನಾಲ್ಕು ಹೆಜ್ಜೆ ಹೋದ ಮೇಲೆ ನೋಡಿದರೆ ಅವನು ಹಿಂದೆ ಇಲ್ಲ. ಗೇಟಿನ ಹೊರಗೆ, ಕಂಪೌಂಡಿಗೆ ಒರಗಿ, ಕೈಕಟ್ಟಿ ನಿಂತಿದ್ದ.

"ನಾ ಇಲ್ಲೇ ಇರ್ತೆ. ನೀವು ಹೋಗಿ ಬನ್ನಿ," ಎಂದ.

ಆ ನಿಲುವು ನನಗೆ ಗುರುತಿತ್ತು. ಕಾಲೇಜು ಎಂದರೆ ಅವನ ಪಾಲಿಗೆ ಗೇಟಿನ ತನಕ. ಪ್ರಗತಿ ತಿರುಗಿ ಹೋದಳು. ಅಪ್ಪನ ಕೈ ಹಿಡಿದಳು. "ಯಾವ ಕೋಣೆ ಅಂತ ನಂಗೆ ಗೊತ್ತದೆ, ಬಾ," ಎಂದಳು.

ಅಣ್ಣ ಮುಂದಿನ ಸಾಲಿನಲ್ಲಿ ಕೂತ, ಸಭಾಭವನದಲ್ಲಿ ಕೂತ ಹಾಗೆಯೇ. ನನಗೆ ಹಿಂದಿನ ಸಾಲಿನಲ್ಲಿ ಜಾಗ ಸಿಕ್ಕಿತು. ಉಪನ್ಯಾಸಕರೊಬ್ಬರು ಗ್ರಂಥಾಲಯ, ಹಾಜರಿ, ಪರೀಕ್ಷೆ ಎಲ್ಲ ವಿವರಿಸಿ ಕೊನೆಗೆ ವೆಬ್‌ಸೈಟಿನ ವಿಷಯಕ್ಕೆ ಬಂದರು. ನಿಮ್ಮ ಮೊಬೈಲಿಗೆ ಬರುವ ಓಟಿಪಿಯನ್ನು ಯಾರಿಗೂ ಹೇಳಬೇಡಿ ಎಂದರು. ಪಾಲಕರಿಗೆ ಏನಾದರೂ ಸಂದೇಹ ಇದೆಯೇ ಎಂದು ಕೇಳಿದರು.

ಮುಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ನಾನು ಕುರ್ಚಿಯಲ್ಲಿ ಸಾಧ್ಯವಾದಷ್ಟು ಕೆಳಗೆ ಜಾರಿದೆ.

"ಸರ್, ಸ್ವಂತ ತಂಗಿ ಕೇಳಿದ್ರೆ?"

"ಯಾರು ಕೇಳಿದರೂ ಹೇಳಬಾರದು," ಎಂದರು ಉಪನ್ಯಾಸಕರು.

ಅಣ್ಣ ಇಡೀ ಸಭೆಯ ತಲೆಗಳ ಮೇಲಿಂದ ನನ್ನ ಕಡೆ ತಿರುಗಿ, ಪಾಸಾದ ಹುಡುಗನ ಹಾಗೆ ನಕ್ಕ.

"ನಾ ಹೇಳ್ಲಿಲ್ಲ ಸರ್. ತೆಂಗಿನ ಮರ ಎಣಿಸು ಅಂದೆ, ಅಷ್ಟೇ."

ಮುಂದಿನ ಭಾನುವಾರ ಹಾರವಾಡಕ್ಕೆ ಹೋದೆ. ಚಾ ಕುಡಿಯುವ ಮೊದಲೇ ಹಿತ್ತಲಿಗೆ ಹೋಗಿ ಎಣಿಸಿದೆ. ಆರೇ. ಬಾವಿಯ ಹತ್ತಿರ ಒಂದು ಚಿಕ್ಕ ಸಸಿಯೂ ಇತ್ತು. ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಈ ಸಲ ನಾನೇ ತೀರ್ಮಾನಿಸಲಿಲ್ಲ. ಪ್ರಗತಿಯನ್ನು ಕೂಗಿ ಕೇಳಿದೆ.